ಎಲ್ಲಕ್ಕೂ ಹತ್ತಿರದ ಹೋಟೆಲು

ಫೆಬ್ರವರಿ 4

ಗಿಣಿಯೇ,

ನಲವತ್ತೈದು ದಾಟಿದವನನ್ನು ಇನ್ನೂ ಗಿಣಿ ಅನ್ನುತ್ತಾಳಲ್ಲ ಅಂತ ಮುಖ ಗಂಟು ಹಾಕಿಕೊಳ್ಳಬೇಡ. ಶಾಲೆಯಲ್ಲಿ ಬರೆಸಿದ ಹೆಸರಿಗಿಂತ ಅಕ್ಕ ಇಟ್ಟ ಹೆಸರು ಗಟ್ಟಿ. ನಾವು ಕ್ಷೇಮ. ಅಂಗಡಿ ಮುಚ್ಚಿದ್ದೇವೆ, ನಿಮ್ಮ ಭಾವನಿಗೆ ಸ್ವಲ್ಪ ವಿಶ್ರಾಂತಿ ಇರಲಿ ಅಂತ.

ಫೋನು ಎತ್ತುವುದಿಲ್ಲ ಅಂತ ಬೈದಿದ್ದೀ. ಅದನ್ನು ಅವರು ರಿಪೇರಿಗೆಂದು ಬಿಚ್ಚಿದವರು ಇನ್ನೂ ಜೋಡಿಸಿಲ್ಲ. ಅದೂ ಅಲ್ಲದೆ, ಮಾತಾಡುವಾಗ ಅವರು ಪಕ್ಕದಲ್ಲೇ ಕೂತಿರುತ್ತಾರೆ. ನಮಗೆ ಕಾಗದವೇ ವಾಸಿ.

ವಿಷಯಕ್ಕೆ ಬರುತ್ತೇನೆ. ನಾವಿಬ್ಬರೂ ನಿನ್ನ ನಗರ ನೋಡಲು ಬರುತ್ತೇವೆ. ನೀನು ಕರೆದಾಗಲೆಲ್ಲ ಅವರದು ಒಂದೇ ರಾಗ, ಬೀಗ ರಿಪೇರಿಯವನ ಅಂಗಡಿಗೇ ಬೀಗ ಬಿದ್ದರೆ ಜನ ನಗುತ್ತಾರೆ ಅಂತ. ಈಗ ಅವರೇ ಹಟ ಹಿಡಿದಿದ್ದಾರೆ. ಬೆಳಿಗ್ಗೆ ಎದ್ದರೆ ಗಿಣಿಯ ಬಸ್ಸಿನಲ್ಲಿ ಕೂತು ಪೇಟೆ ನೋಡಬೇಕು ಅನ್ನುತ್ತಾರೆ. ಬೇರೆ ಏನನ್ನೂ ಕೇಳುವುದಿಲ್ಲ. ಕೇಳುವಾಗಲೇ ತೋರಿಸಿಬಿಡಬೇಕು ಅನ್ನಿಸಿದೆ ನನಗೆ.

ನಿನ್ನ ಕೋಣೆಯಲ್ಲಿ ಇಳಿಯುವುದು ಬೇಡ, ಹೋಟೆಲೇ ಆಗಲಿ. ಕಾರಣ ಕೇಳಬೇಡ. ನೋಡುವ ಜಾಗಗಳಿಗೆಲ್ಲ ನಡೆದು ಹೋಗುವಷ್ಟು ಹತ್ತಿರವಿರಬೇಕು. ಹತ್ತುವ ಇಳಿಯುವ ಗಡಿಬಿಡಿಯಲ್ಲಿ ಕೈ ಬಿಟ್ಟುಹೋಗುತ್ತದೆ. ನಿನ್ನ ಬಸ್ಸು ಹೊರಡುವ ಚೌಕದ ಎದುರಿಗೇ ಒಂದು ಹೋಟೆಲಿದೆ, ಕಿಟಕಿ ತೆರೆದರೆ ಗಡಿಯಾರದ ಗೋಪುರ ಅಂತ ನೀನೇ ಒಮ್ಮೆ ಬರೆದಿದ್ದೆ. ಅದು ಆದೀತೇ? ಅದಕ್ಕೆ ಎಷ್ಟು ಬಾಗಿಲು? ಬಾಗಿಲಲ್ಲಿ ಯಾರಾದರೂ ಕೂತಿರುತ್ತಾರಾ? ವಿಚಾರಿಸಿ ಬರೆ.

ಅಕ್ಕ


ಫೆಬ್ರವರಿ 15

ಅಕ್ಕಾ,

ನಿನ್ನ ಕಾಗದ ಓದಿ ಕುಣಿಯೋಣ ಅಂದರೆ ಕೆಳಗಿನ ಅಂಗಡಿಯವನು ಬೈಯುತ್ತಾನೆ. ನನ್ನ ಕೋಣೆಯ ನೆಲವೇ ಅವನ ಮಾಡು. ಆದ್ದರಿಂದ ಕೂತಲ್ಲೇ ಕುಣಿದೆ. ಅಂತೂ ಭಾವ ಬೀಗದ ಗೂಡು ಬಿಟ್ಟು ಹೊರಬಿದ್ದರಲ್ಲ, ಸಂತೋಷ. ಕೈ ಬಿಟ್ಟುಹೋಗುತ್ತದೆ ಅಂತ ಬೇರೆ ಬರೆದಿದ್ದೀ. ಈ ವಯಸ್ಸಿನಲ್ಲಿ ಕೈಕೈ ಹಿಡಿದು ತಿರುಗುವ ಆಸೆಯೇ? ತಿರುಗಿ, ತಿರುಗಿ. ನೋಡುವವರು ನಾಲ್ಕು ದಿನ ನೋಡಿಯಾರು, ಆಮೇಲೆ ಅವರೂ ಹಿಡಿದಾರು.

ಚೌಕದ ಎದುರಿನ ಹೋಟೆಲು ಬೇಡ. ಹೌದು, ನಾನೇ ಹೊಗಳಿದ್ದೆ. ಹೊಗಳುವುದೇ ನನ್ನ ಹೊಟ್ಟೆಪಾಡು. ಗೋಪುರ ಹತ್ತಿರ, ಅರಮನೆ ಹತ್ತಿರ, ಕೆರೆ ಹತ್ತಿರ, ಹಾರ್ನು ಅವೆಲ್ಲಕ್ಕಿಂತ ಹತ್ತಿರ. ಒಂದೇ ಬಾಗಿಲು, ಅದೂ ಗಾಜಿನದು. ಅಲ್ಲಿ ಇಸ್ತ್ರಿ ಹಾಕಿದ ಮುಖದ ಹುಡುಗಿಯೊಬ್ಬಳು ಕೂತು, ಹೊರಗೆ ಹೊರಟವರನ್ನೆಲ್ಲ ಎಲ್ಲಿಗೆ, ಯಾವಾಗ ಬರುತ್ತೀರಿ ಅಂತ ವಿಚಾರಿಸಿಯೇ ಬಿಡುತ್ತಾಳೆ. ಕೋಣೆಗಂತೂ ಬೀಗವೇ ಇಲ್ಲ. ಒಂದು ಕಾರ್ಡು ತೋರಿಸಬೇಕು, ಬಾಗಿಲು ಕಿಂಯ್ ಅನ್ನುತ್ತದೆ. ಒಳಕ್ಕೆ ಹೋಗಲೂ ಕಾರ್ಡು, ಹೊರಕ್ಕೆ ಬರಲೂ ಕಾರ್ಡು. ಕೀಲಿಯ ತೂತೇ ಇಲ್ಲದ ಬಾಗಿಲು ನೋಡಿದರೆ ಭಾವನಿಗೆ ಊಟ ಸೇರುವುದಿಲ್ಲ.

ಬೇರೆ ನೋಡುತ್ತೇನೆ. ಹಳೆ ಮಾರುಕಟ್ಟೆಯ ಹಿಂದೆ ಒಂದು ಲಾಡ್ಜಿದೆ. ಚೌಕಕ್ಕೆ ಕೊಂಚ ದೂರ, ಆದರೆ ಮನಸ್ಸಿಗೆ ಹತ್ತಿರ.

ನನ್ನ ಕೆಲಸ ನಡೆದಿದೆ. ಬಸ್ಸಿನಲ್ಲಿ ನಿಂತು ಪ್ರವಾಸಿಗರಿಗೆ ಊರು ಬಣ್ಣಿಸುತ್ತ ಗಂಟಲು ಹರಿದುಕೊಳ್ಳುವ ಕಾಲ ಹೋಯಿತು. ಕಂಪನಿಯವರು ಹೊಸ ವ್ಯವಸ್ಥೆ ಮಾಡಿದ್ದಾರೆ. ನಾನೀಗ ಹೆಚ್ಚಾಗಿ ಹೊರಗೆ, ಗಾಳಿ ಬೆಳಕಿನಲ್ಲಿ ಇರುತ್ತೇನೆ. ಸ್ವಲ್ಪ ಕಪ್ಪಾಗಿದ್ದೇನೆ, ಗುರುತು ಸಿಗದಿದ್ದರೆ ಪ್ರಾಸ ಹೇಳಿಸಿ ನೋಡು.

ಗಿಣಿ


ಫೆಬ್ರವರಿ 24

ಗಿಣಿ,

ಹಾರ್ನು ಇದ್ದರೆ ಇರಲಿ. ಇಲ್ಲಿಯೂ ನಿದ್ದೆ ಅಷ್ಟಕ್ಕಷ್ಟೇ. ಆ ಕಾರ್ಡಿನ ಬಾಗಿಲಿನ ವಿಷಯ ಇನ್ನೊಂದು ಸಲ ಸರಿಯಾಗಿ ವಿಚಾರಿಸು. ತೂತೇ ಇಲ್ಲ ಅಂದೆಯಲ್ಲ, ನಿಜವೇ? ತಂತಿ, ಪಿನ್ನು ಏನು ಹಾಕಿದರೂ ತೆರೆಯುವುದಿಲ್ಲವೇ? ಆ ಹುಡುಗಿ ಬೆಳಿಗ್ಗೆ ಬೇಗನೆಯೂ ಕೂತಿರುತ್ತಾಳಾ?

ನಗಬೇಡ, ಒಂದು ತಮಾಷೆ ಹೇಳುತ್ತೇನೆ. ಮೊನ್ನೆ ಮಧ್ಯಾಹ್ನ ನಾನು ಬಟ್ಟೆ ಹರವಿ ಬರುವಷ್ಟರಲ್ಲಿ ನಿಮ್ಮ ಭಾವ ಆಚೆ ಮನೆಯ ಬೀಗ ತೆಗೆದು, ಅವರ ಅಡುಗೆಮನೆಯಲ್ಲಿ ಕಾಲು ಚಾಚಿ ಕೂತುಬಿಟ್ಟಿದ್ದಾರೆ. ಆ ಮನೆಯಾಕೆ ಕೆಲಸದಿಂದ ಬಂದರೆ, ಇಷ್ಟು ಹೊತ್ತಾ, ಚಹಾ ಎಲ್ಲಿ ಅಂತ ಆಕೆಯನ್ನೇ ಗದರಿದರಂತೆ. ಪುಣ್ಯಾತ್ಮಳು ಚಹಾ ಮಾಡಿಕೊಟ್ಟು ಆಮೇಲೆ ನನ್ನನ್ನು ಕರೆದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೂ ಸ್ವಲ್ಪ ಹೊತ್ತು ನಗುವ ಮುಖವೇ ಇಟ್ಟುಕೊಂಡಿದ್ದೆ, ಅವರು ನೋಡುತ್ತಿದ್ದರಲ್ಲ.

ಈಗ ನನ್ನ ತಲೆಪಿನ್ನುಗಳನ್ನೆಲ್ಲ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದೇನೆ. ಹೆರಳು ಹಾಗೇ ಬಿಡುತ್ತೇನೆ. ಯಾವ ಬೀಗವೂ ಅವರ ಕೈ ಮುಂದೆ ನಿಲ್ಲುವುದಿಲ್ಲ ನೋಡು. ಕೈ ಇನ್ನೂ ಹಾಗೇ ಇದೆ.

ಮಾರ್ಚ್ ಕೊನೆಯ ವಾರ ಮೂರು ದಿನಕ್ಕೆ ಬರುತ್ತೇವೆ, ಆದಷ್ಟು ಚೌಕದ ಹೋಟೆಲನ್ನೇ ನೋಡು.

ಅಕ್ಕ


ಮಾರ್ಚ್ 5

ಅಕ್ಕಾ,

ಆಚೆ ಮನೆಯ ಪ್ರಸಂಗ ಓದಿ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಭಾವನಿಗೆ ನಿವೃತ್ತಿಯಾದರೂ ಪ್ರವೃತ್ತಿ ಬಿಟ್ಟಿಲ್ಲ. ಮುದುಕರಾದರೂ ಹುಡುಗಾಟ, ಬಾಯಿಗೆ ಚಹಾದ ಹುಡುಕಾಟ. ಈ ಬೀಗದ ಪ್ರಶ್ನೆಗಳೂ ನಿನ್ನವಲ್ಲ, ಅವರು ಪಕ್ಕದಲ್ಲಿ ಕೂತು ಬರೆಸಿದ್ದು ಅಂತ ನನಗೆ ಗೊತ್ತಾಗುವುದಿಲ್ಲವೇ? ತಂತಿ ಹಾಕಿದರೆ ತೆರೆಯುತ್ತದಾ ಅಂತ ನೀನು ಹುಟ್ಟಿದಾಗಿನಿಂದ ಕೇಳಿದವಳಲ್ಲ.

ಅದಕ್ಕೇ ಅವರ ಮನಸ್ಸಿಗೊಪ್ಪುವ ಜಾಗವನ್ನೇ ಗೊತ್ತು ಮಾಡಿದ್ದೇನೆ. ಹಳೆ ಮಾರುಕಟ್ಟೆಯ ಹಿಂದಿನ ಲಾಡ್ಜು. ಒಂದೊಂದು ಕೋಣೆಗೂ ಒಂದೊಂದು ಹಿತ್ತಾಳೆ ಬೀಗ, ಅಂಗೈ ಅಗಲ, ಕೈಯಲ್ಲಿ ಹಿಡಿದರೆ ಕೂಸು ಹಿಡಿದ ಹಾಗೆ. ಒಳಗಡೆಯೂ ಕೊಂಡಿ ಇದೆ, ಬೇಕಾದರೆ ಒಳಗಿನಿಂದಲೂ ಜಡಿಯಬಹುದು. ಭಾವ ಮೂರು ದಿನವೂ ಊರು ನೋಡುವುದು ಬಿಟ್ಟು ಬೀಗವನ್ನೇ ನೋಡಿಯಾರು. ಬಾಗಿಲಲ್ಲಿ ಒಬ್ಬ ಅಜ್ಜ ಕಾವಲು ಕೂತಿರುತ್ತಾನೆ. ಬಹಳ ಮರ್ಯಾದಸ್ಥ. ಬರುವವರಿಗೂ ಸಲಾಮು, ಹೋಗುವವರಿಗೂ ಸಲಾಮು, ಗಾಳಿಗೆ ಬಾಗಿಲು ಆಡಿದರೂ ಸಲಾಮು.

ಚೌಕದ ಹೋಟೆಲು ಆ ವಾರ ಭರ್ತಿಯಂತೆ. ಕೇಳಿ ನೋಡಿದೆ. ಇಲ್ಲಿ ಮುಂಗಡ ಕೊಟ್ಟಾಯಿತು, ಇನ್ನು ಹಟ ಬೇಡ.

ದೂರದ ಚಿಂತೆ ನಿನಗೆ ಯಾಕೆ? ಸೇತುವೆ ಹತ್ತಿರವೇ ಇದೆ. ಬಸ್ಸಿನಲ್ಲಿ ಅದಕ್ಕೊಂದು ಕಟ್ಟಿದ್ದೆ:

ಸೇತುವೆ ಕೆಳಗೆ ನೀರೇ ಇಲ್ಲ,
ಮೇಲಿನ ಜನಕೆ ಪುರುಸೊತ್ತಿಲ್ಲ.

ಜನ ಚಪ್ಪಾಳೆ ತಟ್ಟುತ್ತಿದ್ದರು. ತಟ್ಟುತ್ತಾರೆ.

ಗಿಣಿ


ಮಾರ್ಚ್ 13

ಗಿಣಿ,

ಮುಂಗಡ ಕೊಟ್ಟ ಮೇಲೆ ಮಾತೇನು. ಊರು ನಿನ್ನದು, ನಿನಗೆ ತಿಳಿದಿರುತ್ತದೆ. ಮಹಡಿಯ ಮೇಲಿನ ಕೋಣೆ ಕೊಡಲು ಹೇಳು. ಮೆಟ್ಟಿಲು ಹೆಚ್ಚಿದ್ದಷ್ಟೂ ಒಳ್ಳೆಯದು. ನನ್ನ ಮೊಣಕಾಲಿನ ಮಾತು ಎತ್ತಬೇಡ.

ಇಪ್ಪತ್ತೆಂಟರ ಬೆಳಿಗ್ಗೆ ರೈಲು ಬರುತ್ತದೆ. ಭಾವ ಅಷ್ಟಾಗಿ ಮಾತಾಡದಿದ್ದರೆ ತಪ್ಪು ತಿಳಿಯಬೇಡ, ಪ್ರಯಾಣದ ಆಯಾಸ. ಮೂರು ದಿನ ಅವರಿಗೆ ಊರು ತೋರಿಸಬೇಕು, ಕರೆದುಕೊಂಡು ಬಂದ ಹಾಗೇ ವಾಪಸು ಕರೆದುಕೊಂಡು ಹೋಗಬೇಕು. ನನಗೆ ಬೇಕಾಗಿರುವುದು ಇಷ್ಟೇ. ಮುಂದಿನ ವರ್ಷ ಅಂತ ನಾನು ಇಟ್ಟುಕೊಂಡಿಲ್ಲ.

ನಿನ್ನ ಬಸ್ಸಿನಲ್ಲಿ ಮುಂದಿನ ಸೀಟು ಹಿಡಿದಿರು.

ಅಕ್ಕ


ಮಾರ್ಚ್ 20

ಅಕ್ಕಾ,

ಸ್ಟೇಷನ್ನಿಗೆ ಬಂದು ನಿಮ್ಮನ್ನು ಲಾಡ್ಜಿಗೆ ಮುಟ್ಟಿಸುತ್ತೇನೆ. ಆದರೆ ಕೇಳು, ಅದೇ ಹೊತ್ತಿಗೆ ಪರಊರಿಗೆ ಹೊರಟ ಒಂದು ತಂಡ ನನ್ನ ಕೊರಳಿಗೆ ಬಿದ್ದಿದೆ. ಎರಡು ದಿನ ನಾನು ಊರಲ್ಲಿರುವುದಿಲ್ಲ. ಬಸ್ಸೂ ರಿಪೇರಿಗೆ ಹೋಗಿದೆ. ಚೌಕದ ಕಡೆ ಸುಮ್ಮನೆ ಹೋಗಬೇಡಿ, ಅಲ್ಲಿ ಧೂಳು. ಸೇತುವೆ ನೋಡಿ, ಮಾರುಕಟ್ಟೆ ನೋಡಿ, ಮಲಗಿ. ಮೂರನೆಯ ದಿನ ನಾನು ಬಂದು ಎಲ್ಲ ತೋರಿಸುತ್ತೇನೆ.

ಗಿಣಿ


ಏಪ್ರಿಲ್ 11

ಅಕ್ಕಾ,

ಊರು ಮುಟ್ಟಿದ ಸುದ್ದಿಯೂ ಇಲ್ಲ. ರೈಲು ಹೊರಡುವಾಗ ನೀನು ಕಿಟಕಿಯ ಕಡೆ ತಿರುಗಲಿಲ್ಲ. ನಾನು ಪ್ಲಾಟ್‌ಫಾರ್ಮಿನ ಕೊನೆಯವರೆಗೂ ಜೊತೆಗೆ ನಡೆದೆ.

ಬಂದ ದಿನ ಸ್ಟೇಷನ್ನಿನಲ್ಲಿ ಭಾವ ನನಗೆ ಕೈ ಮುಗಿದು, ನಮಸ್ಕಾರ, ತಮ್ಮಿಂದ ಬಹಳ ಉಪಕಾರವಾಯಿತು ಅಂದರಲ್ಲ, ನನ್ನ ಕೆಲಸ ಹೋದ ಸುದ್ದಿ ಯಾರೋ ಮುಟ್ಟಿಸಿದ್ದಾರೆ, ಅದಕ್ಕೇ ಈ ವ್ಯಂಗ್ಯ ಅಂದುಕೊಂಡೆ. ಅದಕ್ಕೇ ಲಾಡ್ಜಿನ ಮಹಡಿಯಲ್ಲಿ ಚೀಲ ಇಟ್ಟವನು ನೀರನ್ನೂ ಕುಡಿಯದೆ ಇಳಿದು ಹೋದೆ. ಅವರಿಗೆ ನಾನು ಚೀಲ ಹೊತ್ತವನು ಮಾತ್ರ ಆಗಿದ್ದೆ ಅಂತ ಆಗ ನನಗೆ ಹೊಳೆಯಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಲಾಡ್ಜಿನವರು ಫೋನು ಮಾಡಿದಾಗ ನಾನು ಪರಊರಿನಲ್ಲಿರಲಿಲ್ಲ. ಸಿನಿಮಾ ಮಂದಿರದ ಪಾರ್ಕಿಂಗಿನಲ್ಲಿ ಪೀಪಿ ಊದುತ್ತಿದ್ದೆ. ಅದೇ ಸಮವಸ್ತ್ರದಲ್ಲಿ ಓಡಿ ಬಂದೆ. ನೀನು ಬಟ್ಟೆ ನೋಡಿದೆ, ಏನೂ ಕೇಳಲಿಲ್ಲ. ಬಿಚ್ಚಿದ ಬೀಗ ನಿನ್ನ ಮಡಿಲಲ್ಲಿತ್ತು. ಬೀಗದ ಕೈ ಇನ್ನೂ ನಿನ್ನ ಕೊರಳ ಸರದಲ್ಲೇ ನೇತಾಡುತ್ತಿತ್ತು. ಚೀಲದ ಜಿಪ್ಪಿಗೆ ಕಟ್ಟಿದ್ದ ತಂತಿ ಕಿತ್ತು, ಅದರಿಂದ ಬೀಗ ತೆಗೆದು ಹೊರಟುಹೋಗಿದ್ದಾರೆ ಅಂತ ನೀನು ಅಂದೆ. ಕಾವಲಿನ ಅಜ್ಜ ಎದ್ದು ನಿಂತು ಸಲಾಮು ಹೊಡೆದು ಬಾಗಿಲು ತೆಗೆದನಂತೆ. ಭಾವನೂ ಅವನಿಗೆ ಸಲಾಮು ಹೊಡೆದರಂತೆ.

ಹೋದ ವರ್ಷ ಕಂಪನಿಯವರು ನನ್ನನ್ನು ಒಂದು ಗಾಜಿನ ಕೋಣೆಯಲ್ಲಿ ಕೂರಿಸಿ, ನನ್ನ ಮಾತು ಪ್ರಾಸ ಎಲ್ಲ ಮೊದಲಿನಿಂದ ಕೊನೆಯವರೆಗೆ ಹೇಳಿಸಿ ಯಂತ್ರಕ್ಕೆ ತುಂಬಿಕೊಂಡರು. ನಾನೂ ಹುರುಪಿನಿಂದ ಹೇಳಿದೆ. ಕೆಮ್ಮಿದ್ದನ್ನು ಕೂಡ ತಿದ್ದಿದರು. ಆಮೇಲೆ ಹೂಗುಚ್ಛ ಕೊಟ್ಟು, ಇನ್ನು ವಿಶ್ರಾಂತಿ ತೆಗೆದುಕೊಳ್ಳಿ ಅಂದರು. ದನಿ ಒಳಗೆ, ಧಣಿ ಹೊರಗೆ. ಚೌಕದ ಹೋಟೆಲಿನಲ್ಲಿ ನೀವು ಇಳಿದರೆ ಕಿಟಕಿಯಿಂದಲೇ ನನ್ನ ಬಂಡವಾಳ ಕಾಣುತ್ತಿತ್ತು. ಅದು ಭರ್ತಿಯಾಗಿರಲಿಲ್ಲ ಅಕ್ಕ. ನಾನು ಕೇಳಲೇ ಇಲ್ಲ.

ಒಂದು ಸಾಲು ಬರೆ. ಬೈದಾದರೂ ಬರೆ.

ಗಿಣಿ


ಮೇ 6

ಅಕ್ಕಾ,

ನೀನು ಬರೆಯಲಿಲ್ಲ. ಆ ದಿನ ನೀನು ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತಿದ್ದಾಗ ನಾನು ಭಾವನನ್ನು ಬಸ್ಸಿನಿಂದ ಕರೆದುಕೊಂಡು ಬಂದೆ. ಬಸ್ಸಿನಲ್ಲಿ ಕೂತಿದ್ದರು, ಅಷ್ಟೇ ಅಂದಿದ್ದೆ. ಅಷ್ಟೇ ಅಲ್ಲ.

ಸಂಜೆ ಟೂರು ಮುಗಿದು ಬಸ್ಸು ಖಾಲಿ ನಿಂತಿತ್ತು. ಡ್ರೈವರು ನನ್ನ ಹಳೆಯ ಸ್ನೇಹಿತ, ಅವನೇ ಫೋನು ಮಾಡಿದ್ದು. ಬೆಳಿಗ್ಗೆಯಿಂದ ಮುದುಕರು ಇಳಿಯಲೇ ಇಲ್ಲ, ಸುತ್ತಿದ ಸುತ್ತೆಲ್ಲ ಮುಂದಿನ ಸೀಟಿನಲ್ಲೇ ಕೂತು ಕೇಳಿದರು, ಮನೆಯವರು ಯಾರಾದರೂ ಬಂದಾರು ಅಂತ ಕಾದೆ, ಈಗ ಯಂತ್ರಕ್ಕೆ ಕೈ ಹಾಕಿದ್ದಾರೆ, ಬಾ ಅಂದ. ಹೋಗಿ ನೋಡಿದರೆ, ಭಾವ ಡ್ರೈವರಿನ ಪಕ್ಕದ ನೆಲದ ಮೇಲೆ ಮಂಡಿಯೂರಿ ಕೂತಿದ್ದಾರೆ. ನನ್ನ ದನಿ ಬರುವ ಕಬ್ಬಿಣದ ಪೆಟ್ಟಿಗೆಗೆ ಕಿವಿಯಿಟ್ಟು, ಅದರ ಬೀಗಕ್ಕೆ ತಂತಿ ತೂರಿಸುತ್ತಿದ್ದಾರೆ. ಒಳಗೆ ನಾನು ಅರಚುತ್ತಿದ್ದೇನೆ:

ಗಡಿಯಾರ ಗೋಪುರ ನೋಡಿ ಸ್ವಾಮಿ,
ಗಂಟೆಗೆ ಒಮ್ಮೆ ಕೆಮ್ಮುವ ಆಸಾಮಿ.

ಭಾವಾ ಅಂದೆ. ತಿರುಗಿ ನೋಡಿ, ತುಟಿಯ ಮೇಲೆ ಬೆರಳಿಟ್ಟರು.

"ಇದರೊಳಗೆ ನಮ್ಮ ಹುಡುಗ ಸಿಕ್ಕಿಹಾಕ್ಕೊಂಡಿದ್ದಾನೆ. ಇರಿ, ಒಂದೇ ನಿಮಿಷ. ತೆಗೀತೀನಿ."

ನಾನೇ ನಿಮ್ಮ ಹುಡುಗ ಅಂದೆ. ಟೋಪಿ ತೆಗೆದೆ. ಮುಖ ಬೆಳಕಿಗೆ ಹಿಡಿದೆ. ಅವರು ನಗುನಗುತ್ತಲೇ ನೋಡಿದರು, ಗುರುತಿಲ್ಲದ ಗಿರಾಕಿಯನ್ನು ನೋಡುವ ಹಾಗೆ. ಕೊನೆಗೆ ನಾನು ಪೆಟ್ಟಿಗೆಯ ಜೊತೆ ಜೊತೆಗೇ ಗೋಪುರದ ಪ್ರಾಸ ಹೇಳಿದೆ. ಪೆಟ್ಟಿಗೆ ನಿಂತ ಮೇಲೂ ಹೇಳಿದೆ. ಭಾವ ತಂತಿ ಕೆಳಗಿಟ್ಟು ಗಮನವಿಟ್ಟು ಕೇಳಿದರು.

"ಚೆನ್ನಾಗಿ ಹೇಳ್ತೀರಿ," ಅಂದರು. "ಆದ್ರೆ ನಮ್ಮ ಹುಡುಗನಷ್ಟು ಚೆನ್ನಾಗಿಲ್ಲ. ಬೇಜಾರು ಮಾಡ್ಕೋಬೇಡಿ."

ಡ್ರೈವರು ಕೆಳಗಿಳಿದು ಹೋದ. ಭಾವ ಮತ್ತೆ ತಂತಿ ತೂರಿಸಿದರು, ಪೆಟ್ಟಿಗೆಯ ಮುಚ್ಚಳ ತೆರೆಯಿತು. ಒಳಗೆ ನಾಲ್ಕು ವಯರು, ಒಂದು ಸಣ್ಣ ಹಸಿರು ದೀಪ. ಅವರು ಕೈ ಹಾಕಿ ತಡಕಾಡಿದರು, ಮೂಲೆ ಮೂಲೆ ತಡಕಾಡಿದರು. ಆಮೇಲೆ, ತಡವಾಯಿತು, ಅವನು ಹೊರಟುಹೋಗಿದ್ದಾನೆ ಅಂದರು. ಮುಚ್ಚಳವನ್ನು ಮೆಲ್ಲಗೆ ಮುಚ್ಚಿದರು. ನನ್ನ ಜೊತೆ ಸುಮ್ಮನೆ ಬಂದರು.

ನಾನು ಒಂದು ಯೋಚನೆ ಮಾಡಿದ್ದೇನೆ. ನನ್ನ ದನಿಯನ್ನು ಚಿಕ್ಕದೊಂದು ಪೆಟ್ಟಿಗೆಯಲ್ಲಿ ತುಂಬಿಸಿ ಕಳಿಸುತ್ತೇನೆ. ದಿನಾ ಹಾಕು. ಮನುಷ್ಯನಿಂದ ಆಗದ್ದು ಪೆಟ್ಟಿಗೆಯಿಂದಾದರೂ ಆಗಲಿ.

ಗಿಣಿ


ಮೇ 20

ಗಿಣಿ,

ಪೆಟ್ಟಿಗೆ ಕಳಿಸಬೇಡ. ನಿನ್ನನ್ನು ಹೊರಗೆ ತೆಗೆಯಲು ಮತ್ತೆ ತಂತಿ ಹುಡುಕುತ್ತಾರೆ. ಮತ್ತೆ ನೀನು ಸಿಗುವುದಿಲ್ಲ.

ನಿನ್ನ ಮೇಲೆ ಸಿಟ್ಟಿದೆ. ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ನಾನೂ ಹೇಳಲಿಲ್ಲವಲ್ಲ. ಹೇಳಿದ್ದರೆ ನೀನು ಅವರನ್ನು ಬೇರೆ ಥರ ನೋಡುತ್ತಿದ್ದೆ. ಒಬ್ಬನಾದರೂ ಅವರನ್ನು ಮೊದಲಿನ ಥರ ನೋಡಲಿ ಅಂತ ನನ್ನ ಆಸೆ.

ಎರಡನೆಯ ದಿನ ನಾವು ಚೌಕಕ್ಕೆ ಹೋಗಿದ್ದೆವು. ಧೂಳೇನೂ ಇರಲಿಲ್ಲ. ಬಸ್ಸೂ ನಿಂತಿತ್ತು. ಹತ್ತಿದೆವು. ನಿನ್ನ ದನಿ ಬಂತು, ನೀನಿರಲಿಲ್ಲ. ಡ್ರೈವರನ್ನು ಕೇಳಿದೆ, ಅವನು ತಲೆ ತಗ್ಗಿಸಿ ಎಲ್ಲ ಹೇಳಿದ. ಅವರಿಗೆ ಅದೊಂದೂ ಬೇಕಿರಲಿಲ್ಲ. ನಕ್ಕರು, ಗಿಣಿ. ಹೋದ ವರ್ಷದಿಂದ ನಗದವರು ನಿನ್ನ ಕೆಮ್ಮುವ ಆಸಾಮಿಗೆ ಹೊಟ್ಟೆ ಹಿಡಿದು ನಕ್ಕರು. ನಮ್ಮ ಹುಡುಗ, ನಮ್ಮ ಹುಡುಗ ಅಂತ ಪಕ್ಕದವರಿಗೆಲ್ಲ ಹೇಳಿದರು. ನನ್ನ ಕೈ ಹಿಡಿದು, ನಿನ್ನ ತಮ್ಮ ಕಣೇ ಅಂದರು. ನಾನು ಯಾರು ಅಂತಲೂ ಆಗ ಗೊತ್ತಿತ್ತು ಅವರಿಗೆ. ಆ ಒಂದು ಸುತ್ತು ಗೊತ್ತಿತ್ತು.

ಇಳಿಯುವಾಗ ಅವರು ಪೆಟ್ಟಿಗೆಯನ್ನೇ ನೋಡುತ್ತ, ಅವನನ್ನ ಇಲ್ಲೇ ಬಿಟ್ಟು ಹೋಗ್ತೀವಾ ಅಂತ ಕೇಳಿದರು. ನಾಳೆ ಬಂದು ಕರೆದುಕೊಂಡು ಹೋಗೋಣ ಅಂದೆ. ಮಗುವಿಗೆ ಹೇಳುವ ಹಾಗೆ, ಬಾಯಿಗೆ ಬಂದದ್ದು ಹೇಳಿದೆ. ಏನೂ ನೆನಪಿಲ್ಲದವರು ಅದೊಂದನ್ನು ಬೆಳಗಿನವರೆಗೆ ನೆನಪಿಟ್ಟುಕೊಂಡರು.

ಬೀಗದ ತಪ್ಪು ನಿನ್ನದಾದರೆ ಆ ಮಾತಿನ ತಪ್ಪು ನನ್ನದು. ಹಂಚಿಕೊಳ್ಳೋಣ. ಬೇರೆ ಆಸ್ತಿ ಏನಿದೆ ನಮ್ಮಿಬ್ಬರಿಗೆ.

ಅಕ್ಕ


ಜುಲೈ 2

ಗಿಣಿ,

ರಜೆ ಹಾಕಿ ಬರಲೇ ಅಂತ ಬರೆದಿದ್ದೀ. ಬಾ. ಆದರೆ ಅವರು ನಿನ್ನನ್ನು ಯಾವ ರೂಮಿನವರು ಅಂತ ಕೇಳುತ್ತಾರೆ, ಏನಾದರೊಂದು ಹೇಳು.

ಹೌದು, ಅವರ ಲೆಕ್ಕದಲ್ಲಿ ಪ್ರವಾಸ ಇನ್ನೂ ಮುಗಿದಿಲ್ಲ. ಈ ಮನೆ ಹೋಟೆಲು. ಆಚೆ ಮನೆಯಾಕೆ ಅಡುಗೆಯವಳು. ನಾನು ಏನು ಅಂತ ದಿನಕ್ಕೊಂದು ಥರ. ಹೆಚ್ಚಾಗಿ ಹೋಟೆಲಿನವಳು. ಬೆಳಿಗ್ಗೆ ಹಾಸಿಗೆ ಮಡಿಸಿ, ಚೀಲ ತುಂಬಿಕೊಂಡು, ರೂಮು ಯಾವಾಗ ಖಾಲಿ ಮಾಡಬೇಕು ಅಂತ ಕೇಳುತ್ತಾರೆ. ಇನ್ನೊಂದು ದಿನ ಇರಬಹುದು ಅನ್ನುತ್ತೇನೆ. ಬಹಳ ಉಪಕಾರವಾಯಿತು ಅನ್ನುತ್ತಾರೆ. ನನ್ನ ಮೇಲೆ ದೂರೇನೂ ಇಲ್ಲ. ಚಹಾ ಚೆನ್ನಾಗಿರುತ್ತದೆ, ಜನ ಒಳ್ಳೆಯವರು, ನೋಡುವಂಥ ಜಾಗ ಮಾತ್ರ ಹತ್ತಿರದಲ್ಲಿ ಒಂದೂ ಇಲ್ಲ ಅಂತ ಮೊನ್ನೆ ಹೇಳಿದರು.

ಮುಂಬಾಗಿಲಿಗೆ ನೀನು ಬರೆದಿದ್ದ ಆ ಕಾರ್ಡಿನ ಬೀಗವನ್ನೇ ಹಾಕಿಸಿದ್ದೇನೆ. ನೀನು ಹೇಳಿದ್ದು ನಿಜ, ತೂತಿಲ್ಲ. ಮೊದಲ ದಿನ ಅವರು ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂತು, ಬೆರಳಿನಿಂದ ಸವರಿ ಸವರಿ ಹುಡುಕಿದರು. ತಟ್ಟಿ ಕೇಳಿದರು. ಸಂಜೆಯ ಹೊತ್ತಿಗೆ ಕೈ ಎರಡೂ ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ ಅವರು ಯಾವ ಬೀಗವನ್ನೂ ಮುಟ್ಟಿಲ್ಲ. ತಲೆಪಿನ್ನುಗಳನ್ನು ಅಕ್ಕಿ ಡಬ್ಬದಿಂದ ತೆಗೆದು ಹೆರಳಿಗೆ ಸಿಕ್ಕಿಸಿಕೊಂಡಿದ್ದೇನೆ. ಕಣ್ಣೆದುರಿಗೇ ಇದ್ದರೂ ನೋಡುವುದಿಲ್ಲ.

ನಿನ್ನೆ ಮಧ್ಯಾಹ್ನ ಚೀಲ ಕೈಯಲ್ಲಿ ಹಿಡಿದು ಬಾಗಿಲ ಬಳಿ ನಿಂತಿದ್ದರು. ನನ್ನನ್ನು ಹತ್ತಿರ ಕರೆದರು. ಯಾರಿಗೂ ಕೇಳಬಾರದು ಅನ್ನುವ ಹಾಗೆ ದನಿ ತಗ್ಗಿಸಿದರು.

"ಇಲ್ಲಿಂದ ನಮ್ಮ ಮನೆ ದೂರ ಏನ್ರೀ?"

"ಇಲ್ಲ, ಹತ್ತಿರಾನೇ."

"ನಡ್ಕೊಂಡು ಹೋಗಬಹುದಾ?"

"ಹೋಗಬಹುದು."

"ಹಾಗಾದ್ರೆ ಸ್ವಲ್ಪ ಬಾಗಿಲು ತೆಗೀರಿ. ಮನೇಲಿ ಅವಳೊಬ್ಬಳೇ ಇದ್ದಾಳೆ."

ಕಾರ್ಡು ನನ್ನ ಸೊಂಟದಲ್ಲಿತ್ತು. ಚಹಾ ತರುತ್ತೇನೆ, ಕೂತಿರಿ ಅಂತ ಹೇಳಿ ನಾನು ಒಳಗೆ ಬಂದೆ.

ಅಕ್ಕ